ಹೆಸರಾದ ಹೊಡೆತಗಳೂ ಚೆಂಡನ್ನು ಎಸೆದವರೂ

ಈ ಸ್ಮರಣ ಸಂಚಿಕೆಯಲ್ಲಿ ನಾವು ಅಮೇರಿಕಾ ದೇಶದ ಬೇಸ್‌ಬಾಲ್ ಆಟವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಕ್ಕಾರು. ಶಾಲೆಯ ವ್ಯಾಯಾಮ ಶಿಕ್ಷಕಿಯವರು ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸತೊಡಗಿದಂದಿನಿಂದ, ಅದಕ್ಕೆ ಮೂಲವಾದ ಬೇಸ್‌ಬಾಲಿನ ಚರಿತ್ರೆಯನ್ನು ಬಿಡುವಾದಾಗ ಓದುವ ಅಭ್ಯಾಸ ನಮಗಾಯಿತು. ಓದಿದುದರಲ್ಲಿ ಒಂದು ಸಂಗತಿಯು ಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ತಾಯಿತಂದೆಗಳಿಗೂ ಉಪಯುಕ್ತವೆಂದು ತೋರಿದುದರಿಂದ ಇದನ್ನು ಬರೆದಿರುತ್ತೇವೆ.

ಈ ಆಟದಲ್ಲಿ ಒಬ್ಬನು ಚೆಂಡನ್ನು ಎಸೆಯುವನು, ಇನ್ನೊಬ್ಬನು ದುಂಡನೆಯ ದಾಂಡಿನಿಂದ ಹೊಡೆಯುವನು. ಹೊಡೆದವನು ಮೂರು ನೆಲೆಗಳನ್ನು ಮುಟ್ಟಿ ನಾಲ್ಕನೆಯದಾದ ಮನೆಯನ್ನು ಸೇರಿದರೆ ಒಂದು ಓಟ. ಚೆಂಡು ಬಯಲಿನ ಎಲ್ಲೆಯಾಚೆಗೆ ಹಾರಿಬಿದ್ದರೆ ಅದು ಹೋಂ ರನ್. ಆಗ ನೆಲೆಗಳಲ್ಲಿ ನಿಂತಿದ್ದವರೆಲ್ಲರೂ ಅವನೊಡನೆ ಮನೆಗೆ ಬರುವರು. ಮೂವರು ಔಟಾದರೆ ಒಂದು ಪಕ್ಷದ ಸರದಿ ಮುಗಿಯುವುದು. ಎರಡು ಪಕ್ಷಗಳಿಗೂ ಒಂಬತ್ತೊಂಬತ್ತು ಸರದಿಗಳು.

ಅಮೇರಿಕನರು ಮರೆಯದ ಹೊಡೆತಗಳು ಹಲವುಂಟು. 1951ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಜಯಂಟ್ಸ್ ಪಕ್ಷದ ಬಾಬಿ ಥಾಮ್ಸನ್ ಕೊನೆಯ ಸರದಿಯಲ್ಲಿ ಹೊಡೆದ ಹೋಂ ರನ್ನಿನಿಂದ, 4ಕ್ಕೆ 2ರಂತೆ ಹಿಂದಿದ್ದ ಅವನ ಪಕ್ಷವು 5ಕ್ಕೆ 4ರಂತೆ ಗೆದ್ದಿತು. 1974ರ ಏಪ್ರಿಲ್ 8ರಂದು ಅಟ್ಲಾಂಟಾ ನಗರದಲ್ಲಿ ಹ್ಯಾಂಕ್ ಆರನ್ ತನ್ನ 715ನೆಯ ಹೋಂ ರನ್ ಹೊಡೆದು ಬೇಬ್ ರೂತನ 714ರ ದಾಖಲೆಯನ್ನು ಮುರಿದನು. ಕರಿಯನೊಬ್ಬನು ಬಿಳಿಯನ ದಾಖಲೆಯನ್ನು ಮುರಿಯಬಾರದೆಂದು ಬಂದ ಬೆದರಿಕೆಯ ಪತ್ರಗಳ ನಡುವೆ ಅವನು ಆ ಸಂಖ್ಯೆಯನ್ನು ಮುಟ್ಟಿದನು. ಹೆಂಗಸರ ಹೊಡೆತವೂ ಇದೆ. 1943ರಿಂದ 1954ರ ವರೆಗೆ ನಡೆದ ಮಹಿಳೆಯರ ಲೀಗಿನಲ್ಲಿ, 1946ರ ಅಂತಿಮ ಪಂದ್ಯವು ಒಂದು ಓಟವೂ ಇಲ್ಲದೆ ಹದಿನಾಲ್ಕನೆಯ ಸರದಿಯ ತನಕ ಸಾಗಿತು. ಆಗ ಬೆಟ್ಟಿ ಟ್ರೆಜ್ಜಾ ಹೊಡೆದ ಹೊಡೆತಕ್ಕೆ ಸೋಫಿ ಕ್ಯೂರಿಸ್ ಓಡಿಬಂದು ಮನೆಯನ್ನು ಮುಟ್ಟಿದಳು. ರಸೀನ್ ಪಟ್ಟಣದ ಪಕ್ಷವು ಗೆದ್ದಿತು.

ಹೊಡೆದವರ ಹೆಸರುಗಳು ಉಳಿದವು. ಆದರೆ ಹೊಡೆತವೊಂದು ಆಗಬೇಕಾದರೆ ಚೆಂಡನ್ನು ಎಸೆದವರೊಬ್ಬರು ಇರಲೇಬೇಕಷ್ಟೆ. ಅವರು ಆ ಸಂಜೆ ಎಲ್ಲಿಗೆ ಹೋದರು, ಅವರೊಡನೆ ಯಾರು ಮಾತಾಡಿದರು ಎಂಬ ವಿಚಾರವೇ ನಮ್ಮ ಮನಸ್ಸನ್ನು ಹಿಡಿದದ್ದು.

1960ರ ಅಕ್ಟೋಬರ್ 13ರ ಕಥೆಯನ್ನು ಕೇಳಿರಿ. ವರ್ಲ್ಡ್ ಸೀರೀಸ್ ಎಂಬ ಮಹಾಸ್ಪರ್ಧೆಯ ಏಳನೆಯ ಪಂದ್ಯವು ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡಿನಲ್ಲಿ ನಡೆಯಿತು. ಆರು ಪಂದ್ಯಗಳಲ್ಲಿ ಪೈರೇಟ್ಸ್ ಪಕ್ಷಕ್ಕೂ ಯಾಂಕೀಸ್ ಪಕ್ಷಕ್ಕೂ ಮೂರು ಮೂರು ಜಯ. ಕೊನೆಯ ಸರದಿಯಲ್ಲಿ 9ಕ್ಕೆ 9 ಸಮನಾಗಿದ್ದಾಗ ಯಾಂಕೀಸ್ ಪಕ್ಷದ ಇಪ್ಪತ್ತನಾಲ್ಕು ವರ್ಷದ ರಾಲ್ಫ್ ಟೆರಿ ಎಸೆದ ಎರಡನೆಯ ಚೆಂಡನ್ನು ಬಿಲ್ ಮಾಜೆರಾಸ್ಕಿ ಎಡಗಡೆಯ ಗೋಡೆಯಾಚೆಗೆ ಹೊಡೆದನು. ಏಳು ಪಂದ್ಯಗಳಲ್ಲಿ ಒಟ್ಟು 55 ಓಟಗಳನ್ನು ಗಳಿಸಿದ್ದ ಯಾಂಕೀಸ್ ಸೋತರು; 27 ಗಳಿಸಿದವರು ಗೆದ್ದರು. ಆ ಮೈದಾನವು ಈಗಿಲ್ಲ. ಗೋಡೆಯ ಒಂದು ಭಾಗ ಉಳಿದಿದೆ.

ಯಾಂಕೀಸ್ ಪಕ್ಷದ ಮೇಲ್ವಿಚಾರಕನು ಕೇಸಿ ಸ್ಟೆಂಗೆಲ್ ಎಂಬ ಎಪ್ಪತ್ತು ವರ್ಷದ ವೃದ್ಧನು. ಸೋತ ಟೆರಿಯು ಅವನ ಕೊಠಡಿಗೆ ಹೋಗಿ ತನ್ನ ದುಃಖವನ್ನು ತಿಳಿಸಿದನು. ಟೆರಿ ಮುಂದೆ ಹೇಳಿಕೊಂಡಿರುವ ಪ್ರಕಾರ, ಮುದುಕನು ಕೇಳಿದ್ದು ಒಂದೇ ಪ್ರಶ್ನೆ: ಚೆಂಡನ್ನು ಎಲ್ಲಿಗೆ ಎಸೆಯಬೇಕೆಂದು ನೀನು ಎಣಿಸಿದ್ದೆ? ಟೆರಿ ತನ್ನ ಎಣಿಕೆಯನ್ನು ಹೇಳಿದನು. ಎಣಿಕೆ ಸರಿಯಾಗಿತ್ತು, ಕೈ ಮಾತ್ರ ತಪ್ಪಿತು. ಎಸೆಯುವವನ ಕೈ ಒಮ್ಮೊಮ್ಮೆ ತಪ್ಪುವುದುಂಟು. ಇದನ್ನು ಮರೆತು ಮುಂದಿನ ವರ್ಷ ಚೆನ್ನಾಗಿ ಆಡು ಎಂಬ ಅರ್ಥದ ಮಾತಾಡಿ ಅವನು ಟೆರಿಯನ್ನು ಕಳುಹಿಸಿದನು. ಅದಾದ ಐದು ದಿನಗಳಲ್ಲಿ ಸ್ಟೆಂಗೆಲನನ್ನೇ ಕೆಲಸದಿಂದ ತೆಗೆದರು. ಹನ್ನೆರಡು ವರ್ಷಗಳಲ್ಲಿ ಏಳು ಸಲ ಆ ಮಹಾಸ್ಪರ್ಧೆಯನ್ನು ಗೆಲ್ಲಿಸಿಕೊಟ್ಟವನು, ತಾನೇ ಎಲ್ಲವನ್ನು ಕಳಕೊಂಡ ಸಂಜೆ, ಹುಡುಗನೊಬ್ಬನನ್ನು ಮುರಿಯದೆ ಕಳುಹಿಸಿದನು.

ಎರಡು ವರ್ಷಗಳ ತರುವಾಯ, 1962ರ ಅಕ್ಟೋಬರ್ 16ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತ್ತೆ ಏಳನೆಯ ಪಂದ್ಯ, ಮತ್ತೆ ಕೊನೆಯ ಸರದಿ, ಎಸೆಯುವವನು ಅದೇ ಟೆರಿ. ಯಾಂಕೀಸ್ ಒಂದೇ ಓಟದಿಂದ ಮುಂದಿದ್ದರು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರೂ ಇಬ್ಬರು ನೆಲೆಗಳಲ್ಲಿ ನಿಂತಿದ್ದರು. ವಿಲಿ ಮೆಕೋವಿ ಎಂಬ ಬಲಶಾಲಿಯು ದಾಂಡು ಹಿಡಿದು ಬಂದನು. ಇವನಿಗೆ ಒಂದು ನೆಲೆಯನ್ನು ಬಿಟ್ಟುಕೊಟ್ಟು ಮುಂದಿನವನಿಗೆ ಎಸೆಯುವೆಯಾ ಎಂದು ಹೊಸ ಮೇಲ್ವಿಚಾರಕನು ಕೇಳಿದಾಗ, ಇವನಿಗೇ ಎಸೆಯುವೆನೆಂದು ಟೆರಿ ನಿಶ್ಚಯಿಸಿದನು. ಮೆಕೋವಿ ಹೊಡೆದ ಚೆಂಡು ಬಾಣದಂತೆ ಹೋಗಿ ಬಾಬಿ ರಿಚರ್ಡ್‌ಸನ್ನನ ಕೈಗೆ ನೇರವಾಗಿ ಬಿತ್ತು. ಯಾಂಕೀಸ್ ಗೆದ್ದರು, ಆ ಸ್ಪರ್ಧೆಯ ಶ್ರೇಷ್ಠ ಆಟಗಾರನೆಂಬ ಗೌರವವು ಟೆರಿಗೆ ಸಂದಿತು.

ಸೋತವನು ಛಲ ಹಿಡಿದರೆ ಗೆದ್ದೇ ಗೆಲ್ಲುವನೆಂದು ನಾವು ಇದರಿಂದ ಬೋಧಿಸುವುದಿಲ್ಲ. ಆ ಚೆಂಡು ಎರಡು ಮಾರು ಅತ್ತಿತ್ತ ಹೋಗಿದ್ದರೆ ಟೆರಿ ಎರಡನೆಯ ಸಲವೂ ಸೋಲುತ್ತಿದ್ದನು. ಗೆಲವು ಯಾರ ಕೈಯಲ್ಲಿಯೂ ಇಲ್ಲ. ಸೋತ ಸಂಜೆ ಆಡುವ ಮಾತಾದರೋ ಹಿರಿಯರ ಕೈಯಲ್ಲಿಯೇ ಇದೆ.

ಹತ್ತನೆಯ ತರಗತಿಯ ಫಲಿತಾಂಶವು ಬಂದ ದಿನಗಳಲ್ಲಿ ಇದು ನಮಗೆ ಚೆನ್ನಾಗಿ ತಿಳಿದುಬಂದಿದೆ. ಒಂದು ವರ್ಷ ಇಬ್ಬರು ಹುಡುಗಿಯರು ಗಣಿತವೊಂದರಲ್ಲಿ ತೇರ್ಗಡೆಯಾಗಲಿಲ್ಲ. ಒಬ್ಬಳ ತಂದೆಯವರು ಪ್ರಶ್ನಪತ್ರಿಕೆಯನ್ನು ಮುಂದಿಟ್ಟುಕೊಂಡು, ಮಗಳೇ, ಈ ಲೆಕ್ಕವನ್ನು ನೀನು ಹೇಗೆ ಮಾಡಬೇಕೆಂದಿದ್ದೆ ಎಂದು ಕೇಳಿದರಂತೆ. ಅವಳು ಪೂರಕ ಪರೀಕ್ಷೆಗೆ ಕುಳಿತಳು, ಈಗ ದಾದಿಯಾಗಿದ್ದಾಳೆ. ಇನ್ನೊಬ್ಬಳಿಗೆ ಮನೆಯಲ್ಲಿ, ಓದಿದ್ದು ಸಾಕು ಎಂದರು. ಅರ್ಜಿಯ ಕೊನೆಯ ದಿನದ ತನಕ ನಾವು ಕಾದೆವು, ಮನೆಗೂ ಹೋಗಿಬಂದೆವು, ಅವಳು ಬರಲಿಲ್ಲ. ಅವಳ ಲೆಕ್ಕದ ಪುಸ್ತಕವನ್ನು ನೋಡಿದ ನಾವು ಹೇಳಬಲ್ಲೆವು, ಇಬ್ಬರಲ್ಲಿ ಅವಳೇ ಜಾಣೆ.

ಪ್ರಿಯ ತಾಯಿತಂದೆಗಳೇ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಬಹುಮಾನ ಬಂದ ಮಗುವನ್ನು ಊರೆಲ್ಲ ಹೊಗಳುವುದು. ಆ ದಿನ ಅವಳಿಗೆ ನಿಮ್ಮ ಮಾತಿನ ಕೊರತೆ ಇರುವುದಿಲ್ಲ. ಬಹುಮಾನವಿಲ್ಲದೆ ಬಂದವಳನ್ನು ಮೊದಲು ಊಟಕ್ಕೆ ಕೂರಿಸಿರಿ. ಅನಂತರ ನೀನು ಏನು ಮಾಡಬೇಕೆಂದಿದ್ದೆ ಎಂದು ಕೇಳಿರಿ, ಅವಳು ಹೇಳಿ ಮುಗಿಸುವ ತನಕ ಆಲಿಸಿರಿ. ಮರುದಿನ ಅವಳನ್ನು ಶಾಲೆಗೆ ಕರಕೊಂಡು ಬನ್ನಿರಿ, ನಾವು ಕಾದಿರುತ್ತೇವೆ.