ರವಾನೆಯಾದ ಹಾಡು, ಹಿಂದುಳಿದ ಹೆಸರು

ಜನಪದ ಸಾಹಿತ್ಯವನ್ನು ಬೋಧಿಸುವವರಿಗೆ ಕ್ಷೇತ್ರಕಾರ್ಯವೆಂಬುದು ಹೊಸ ಮಾತಲ್ಲ. ಆದರೆ ಕ್ಷೇತ್ರವೇ ಅಂಗೈಯ ದೂರವಾಣಿಯೊಳಗೆ ಬಂದು ಕುಳಿತಾಗ ಅಧ್ಯಾಪಕನು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮ ಸಂಶೋಧನ ವಿಧಾನದ ಪಠ್ಯಗಳಲ್ಲಿ ಸಿದ್ಧ ಉತ್ತರವಿರಲಿಲ್ಲ. ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಸಹೋದ್ಯೋಗಿಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನನ್ನ ಸ್ನಾತಕೋತ್ತರ ತರಗತಿಯ ಹಲವರು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ತಮ್ಮ ಊರುಗಳಿಗೆ ಮರಳಿದರು. ಪರೀಕ್ಷೆಯ ಸೂಚನೆಗಳಿಗೆಂದು ಮಾಡಿಕೊಂಡಿದ್ದ ವಾಟ್ಸ್‌ಆ್ಯಪ್ ಗುಂಪೇ ತರಗತಿಯಾಯಿತು. ನೇರ ಪ್ರಸಾರದ ಪಾಠಗಳು ನಾಲ್ಕೇ ದಿನಗಳಲ್ಲಿ ನಿಂತುಹೋದವು. ಹನೂರಿನಾಚೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕಿತ್ತು. ಧ್ವನಿಸಂದೇಶಗಳು ಮಾತ್ರ ಕೈಹಿಡಿದವು. ಕಳುಹಿಸಿದ ಸಂದೇಶ ಕಾದಿದ್ದು, ಸಂಪರ್ಕ ಸಿಕ್ಕ ಗಳಿಗೆಯಲ್ಲಿ ತಲುಪುತ್ತಿತ್ತು. ಸಂಜೆ ದನ ಹೊಡೆದುಕೊಂಡು ಬರುವಾಗ ಪಾಠ ಕೇಳಿದೆನೆಂದು ಒಬ್ಬ ವಿದ್ಯಾರ್ಥಿ ಬರೆದಿದ್ದ.

ಈ ವ್ಯವಸ್ಥೆಯಿಂದ ನಾನು ಕಲಿತದ್ದೇ ಹೆಚ್ಚು. ತರಗತಿಯಲ್ಲಿ ಬಾಯಿಬಿಡದಿದ್ದವರು ಇಲ್ಲಿ ಮಾತನಾಡಿದರು. ಮಲೆ ಮಹದೇಶ್ವರ ಬೆಟ್ಟದ 'ಹಾಲರವಿ' ಎಂಬ ಮಾತನ್ನು ವಿವರಿಸುತ್ತ ನಾನು ಅರವಿ ಎಂದರೆ ಚಿಕ್ಕ ಬಿಂದಿಗೆ ಎಂದು ಹೇಳಿ ಮುಂದೆ ಹೋಗಿದ್ದೆ. ಆ ಕಡೆಯ ವಿದ್ಯಾರ್ಥಿನಿಯೊಬ್ಬಳು, ದೀಪಾವಳಿಯ ಸಂದರ್ಭದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದ ನೀರನ್ನು ಹೊತ್ತು ತರುವ ಬಗೆಯನ್ನು ತನ್ನ ಆಡುನುಡಿಯಲ್ಲಿಯೇ ಹೇಳಿ ಕಳುಹಿಸಿದಳು. ನಿಘಂಟಿನಿಂದ ಪದದ ಅರ್ಥ ನನಗೆ ಸಿಕ್ಕಿತ್ತು, ಪದದ ಬದುಕು ಅವಳಿಗೆ ಗೊತ್ತಿತ್ತು. ಗುರುಶಿಷ್ಯರ ಸ್ಥಾನ ಹೀಗೆ ಅದಲುಬದಲಾಗುವುದು ನನಗೆ ಸಂತೋಷದ ಸಂಗತಿಯೇ ಆಗಿತ್ತು.

ಮುಂದೆ ಅವಳೇ ತನ್ನ ಅಜ್ಜಿ ಹಾಡಿದ ರಾಗಿ ಬೀಸುವ ಪದವೊಂದನ್ನು ಧ್ವನಿಮುದ್ರಿಸಿ ಕಳುಹಿಸಿದಳು. ಬೇಟೆಗೆ, ಜೇನಿಗೆ ಹೊರಟ ಗಂಡನ ಅನುಮಾನದಲ್ಲಿ ನಲುಗುವ ಸೋಲಿಗರ ಸಂಕಮ್ಮನನ್ನು ನೆನೆಯುವ ಹಾಡದು. ಮಹದೇಶ್ವರ ಕಾವ್ಯದ 'ಸಂಕಮ್ಮನ ಸಾಲು' ಕಂಸಾಳೆಯ ದೇವರಗುಡ್ಡರ ಬಾಯಲ್ಲಿ ಪ್ರಸಿದ್ಧವಾದುದು. ಅದೇ ಕಥೆಯನ್ನು ಹೆಂಗಸೊಬ್ಬಳು ಬೀಸುಕಲ್ಲಿನ ಲಯದಲ್ಲಿ, ಸಂಕಮ್ಮನ ಕಡೆ ನಿಂತು ಹಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದೆ. ಹಾಡಿನ ಬೆನ್ನಿಗೇ ಇನ್ನೊಂದು ಸಂದೇಶ ಬಂದಿತ್ತು. ಅದರಲ್ಲಿ ಅಜ್ಜಿಯ ಹೆಸರು, ಊರು, ಯಾರಿಂದ ಕಲಿತದ್ದು ಎಂಬ ವಿವರಗಳಿದ್ದವು.

ಉತ್ಸಾಹದಿಂದ ನಾನು ಹಾಡನ್ನು ಅಧ್ಯಾಪಕರ ಎರಡು ಗುಂಪುಗಳಿಗೆ ರವಾನಿಸಿದೆ. ವಿವರಗಳ ಸಂದೇಶವನ್ನು ರವಾನಿಸಲಿಲ್ಲ. ಅವಳನ್ನಾಗಲಿ ಅವಳ ಅಜ್ಜಿಯನ್ನಾಗಲಿ ಕೇಳಲೂ ಇಲ್ಲ. ಕೆಲವು ವಾರಗಳ ನಂತರ ಆ ಹಾಡು ಬೇರೊಂದು ಜಿಲ್ಲೆಯ ಮಿತ್ರರಿಂದ ನನಗೇ ಮರಳಿ ಬಂತು. ಜೊತೆಗೆ, 'ಅಜ್ಞಾತ ಜನಪದ ಗಾಯಕಿ' ಎಂಬ ಒಕ್ಕಣೆಯಿತ್ತು. ಅದು ಗುಂಪಿನಲ್ಲಿಯೂ ಕಾಣಿಸಿಕೊಂಡಾಗ ಆ ಹುಡುಗಿ ಒಂದೇ ಸಾಲು ಬರೆದಳು: 'ಸಾರ್, ನಮ್ಮಜ್ಜಿ ಹೆಸರು ಎಲ್ಲೋಯ್ತು?' ಆಮೇಲೆ ಅವಳು ಆ ಗುಂಪಿಗೆ ಯಾವ ಧ್ವನಿಯನ್ನೂ ಕಳುಹಿಸಲಿಲ್ಲ.

ಇದರಲ್ಲಿ ಯಂತ್ರದ ಪಾಲು ಇಲ್ಲದಿಲ್ಲ. ಬೇರೆಡೆಗೆ ಕಳುಹಿಸಿದ ಸಂದೇಶಕ್ಕೆ 'ರವಾನೆಯಾದುದು' ಎಂಬ ಗುರುತನ್ನು ವಾಟ್ಸ್‌ಆ್ಯಪ್ 2018ರಲ್ಲಿ ಸೇರಿಸಿತು. ಆದರೆ ಆ ಗುರುತು ಹಾಡು ಯಾರಿಂದ ಹೊರಟಿತೆಂಬುದನ್ನು ತಿಳಿಸುವುದಿಲ್ಲ. ಧ್ವನಿಯೂ ವಿವರವೂ ಎರಡು ಪ್ರತ್ಯೇಕ ಸಂದೇಶಗಳಾಗಿರುವುದರಿಂದ ಒಂದು ಹೊರಟರೆ ಇನ್ನೊಂದು ಅಲ್ಲೇ ಉಳಿಯುತ್ತದೆ. ಇಷ್ಟಾದರೂ ಎರಡನ್ನೂ ಕೂಡಿಸಿ ಕಳುಹಿಸಲು ನನಗೆ ಅಡ್ಡಿಯೇನಿರಲಿಲ್ಲ. ಅದು ಅಗತ್ಯವೆಂದು ನನಗೆ ತೋರಲಿಲ್ಲ ಎಂಬುದೇ ಇಲ್ಲಿಯ ನಿಜವಾದ ಸಮಸ್ಯೆ. ಜನಪದವೆಂದರೆ ಹೆಸರಿಲ್ಲದ್ದು ಎಂಬ ಹಳೆಯ ಗ್ರಹಿಕೆ, ನಾವು ಸಿದ್ಧಾಂತದಲ್ಲಿ ತಿರಸ್ಕರಿಸಿದ ಮೇಲೂ, ನನ್ನ ಬೆರಳ ತುದಿಯಲ್ಲಿ ಉಳಿದುಕೊಂಡಿತ್ತು.

ನಮ್ಮ ವಿದ್ವತ್ ಪರಂಪರೆ ಈ ವಿಷಯದಲ್ಲಿ ಬಹುದೂರ ನಡೆದು ಬಂದಿದೆ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಮಹದೇಶ್ವರ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೆ. ಕೇಶವನ್ ಪ್ರಸಾದ್ ಅವರ ಸಂಪಾದಕತ್ವದಲ್ಲಿ ಹೊರತಂದ ಪಠ್ಯದೊಂದಿಗೆ ಹೆಬ್ಬಣಿ ಮಾದಯ್ಯನವರ ಹೆಸರು ಬೆಸೆದುಕೊಂಡಿದೆ. ಹಾಡಿದವರು ಬರಿಯ 'ವಕ್ತೃ'ವಲ್ಲ, ಕವಿಯೇ ಹೌದು ಎಂಬ ತಿಳಿವಳಿಕೆ ಇದರ ಹಿಂದಿದೆ. ಇನ್ನೂ ಹಿಂದಕ್ಕೆ ಹೋದರೆ, ಯಳಂದೂರಿನವಳೆಂದು ಪರಂಪರೆ ಗುರುತಿಸುವ ಸಂಚಿ ಹೊನ್ನಮ್ಮ ಇದ್ದಾಳೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಆಕೆಯ ಸಾಂಗತ್ಯಕಾವ್ಯ 'ಹದಿಬದೆಯ ಧರ್ಮ' ಹೆಸರಿನೊಂದಿಗೇ ನಮಗೆ ತಲುಪಿದೆ. ಓಲೆಗರಿಯ ಕಾಲದಲ್ಲಿ ಊಳಿಗದ ಹೆಣ್ಣಿನ ಹೆಸರು ಮುನ್ನೂರು ವರ್ಷಗಳನ್ನು ದಾಟಿತು. ನನ್ನ ಕೈಯಲ್ಲಿ ಒಬ್ಬ ಅಜ್ಜಿಯ ಹೆಸರು ಒಂದು ದಿನವೂ ಬಾಳಲಿಲ್ಲ.

ಹಾಗೆಂದು ಸಾಮಾಜಿಕ ಮಾಧ್ಯಮವನ್ನು ತರಗತಿಯಿಂದ ಹೊರಗಿಡಬೇಕೆಂದು ನಾನು ವಾದಿಸುವುದಿಲ್ಲ. ಅದಿಲ್ಲದಿದ್ದರೆ ಆ ಹಾಡು ನನಗೆ ಕೇಳಿಸುತ್ತಲೇ ಇರಲಿಲ್ಲ. ಬೇಕಾದುದು ಕ್ಷೇತ್ರಕಾರ್ಯದ ಶಿಸ್ತನ್ನು ಅಲ್ಲಿಗೂ ಒಯ್ಯುವುದು. ಈಗ ನಮ್ಮ ತರಗತಿಯಲ್ಲಿ ಧ್ವನಿಮುದ್ರಣದ ಆರಂಭದಲ್ಲಿಯೇ ಹಾಡುವವರು ತಮ್ಮ ಹೆಸರು, ಊರು ಹೇಳುತ್ತಾರೆ. ಧ್ವನಿ ಎಲ್ಲಿಗೆ ಹೋದರೂ ಹೆಸರು ಜೊತೆಗೆ ಹೋಗುತ್ತದೆ. ಗುಂಪಿನಿಂದ ಹೊರಗೆ ಕಳುಹಿಸುವ ಮೊದಲು ಹಾಡಿದವರ ಒಪ್ಪಿಗೆ ಕೇಳುತ್ತೇವೆ. ಗುಂಪು ಸೇರಿದೊಡನೆ ತಮ್ಮ ದೂರವಾಣಿ ಸಂಖ್ಯೆ ಎಲ್ಲರಿಗೂ ಕಾಣುವುದೆಂದು ಹಿಂಜರಿಯುವ ವಿದ್ಯಾರ್ಥಿನಿಯರನ್ನು ಒತ್ತಾಯಿಸುವುದಿಲ್ಲ. ಅವರಿಗೆ ಪಾಠವನ್ನು ಬೇರೆಯಾಗಿಯೇ ತಲುಪಿಸುತ್ತೇವೆ.

ಆ ವಿದ್ಯಾರ್ಥಿನಿ ತನ್ನ ಕಿರುಪ್ರಬಂಧಕ್ಕೆ ಅಜ್ಜಿಯ ಹಾಡುಗಳನ್ನೇ ಆರಿಸಿಕೊಂಡಳು. ಅವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲಿಲ್ಲ. ಕಾಲೇಜು ತೆರೆದ ಮೇಲೆ ಬರೆದ ಪ್ರತಿಯನ್ನು ಕೈಯಲ್ಲಿ ತಂದುಕೊಟ್ಟಳು. ಮೊದಲ ಪುಟದಲ್ಲಿ, ತನ್ನ ಹೆಸರಿಗಿಂತ ಮೇಲೆ, ಅಜ್ಜಿಯ ಹೆಸರನ್ನು ಬರೆದಿದ್ದಳು. ನಿಗದಿತ ನಮೂನೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನಾನು ಅದನ್ನು ತಿದ್ದಲಿಲ್ಲ.