ಇವರಿಗೆ,

ಅರ್ಜಿಯಲ್ಲಿ ಎಲ್ಲಕ್ಕಿಂತ ಕಠಿಣವಾದ ಸಾಲು ಯಾವುದು ಅಂತ ಕೇಳಿದರೆ ಬಹಳ ಜನ ‘ವಿಷಯ’ ಅನ್ನುತ್ತಾರೆ. ಅಲ್ಲ. ವಿಷಯ ಅರ್ಜಿದಾರರ ಬಾಯಲ್ಲೇ ಇರುತ್ತದೆ: ಗೋಡೆ ಬಿತ್ತು, ಪಿಂಚಣಿ ನಿಂತಿತು, ನಳಕ್ಕೆ ನೀರಿಲ್ಲ. ಕಠಿಣವಾದದ್ದು ಹಾಳೆಯ ಎಡಗಡೆ ಮೇಲೆ ಬರೆಯುವ ‘ಇವರಿಗೆ’ ಮತ್ತು ಅದರ ಕೆಳಗಿನ ಎರಡು ಸಾಲು. ಅಲ್ಲಿ ತಪ್ಪಿದರೆ ಉಳಿದದ್ದೆಲ್ಲ ಚೆಂದದ ಕೈಬರಹ, ಅಷ್ಟೆ.

ನನಗೆ ಅರ್ಜಿ ಬರೆಯುವ ಚಟವಿದೆ. ಹವ್ಯಾಸ ಅಂದರೆ ಮರ್ಯಾದೆ ಹೆಚ್ಚು, ಆದರೆ ಚಟ ಅನ್ನುವುದೇ ಸರಿ. ಫುಲ್‌ಸ್ಕೇಪ್ ಹಾಳೆಯ ಎಡಕ್ಕೆ ಎರಡು ಬೆರಳಗಲ ಮಡಚಿ ಉಗುರಿನಿಂದ ತೀಡುವಾಗ ಬರುವ ಸಣ್ಣ ಸದ್ದು ನನಗೆ ಇಷ್ಟ. ನೀಲಿ ಬಾಲ್‌ಪೆನ್ ಆಗಬೇಕು; ಜೆಲ್ ಪೆನ್ ಒಂದು ಹನಿ ನೀರು ಬಿದ್ದರೆ ಅರ್ಜಿದಾರರಿಗಿಂತ ಮೊದಲು ತಾನೇ ಅತ್ತುಬಿಡುತ್ತದೆ. ಆಮೇಲೆ ‘ವಿನಂತಿಸಿಕೊಳ್ಳುವುದೇನೆಂದರೆ’. ಎಂಥ ಭವ್ಯವಾದ ಶಬ್ದ! ಇಷ್ಟು ಉದ್ದದ ಪಡಸಾಲೆ ದಾಟಿದ ಮೇಲೇ ಒಳಗಿನ ಕೋಣೆಯ ದುಃಖ ಕಾಣುವುದು. ಬರೆದದ್ದನ್ನು ಓದಿ ಹೇಳುವಾಗ ಆ ‘ಏನೆಂದರೆ’ ಬಂದ ಕೂಡಲೇ ಎದುರಿಗೆ ಕೂತವರ ಬೆನ್ನು ನೆಟ್ಟಗಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಚಟ ಹತ್ತಿದ್ದು 2019ರ ಆಗಸ್ಟಿನಲ್ಲಿ. ಆ ಮಳೆಯನ್ನು ಬೆಳಗಾವಿಯವರಿಗೆ ನೆನಪಿಸಬೇಕಾಗಿಲ್ಲ. ನಮ್ಮೂರ ಬಳ್ಳಾರಿ ನಾಲಾ ಉಕ್ಕಿ ಹೊಲ, ರಸ್ತೆ, ಓಣಿ ಅನ್ನದೆ ನೀರು ನಿಂತಿತು. ಶಹಾಪುರ, ವಡಗಾವಿ, ಖಾಸಬಾಗದ ಕಡೆ ನೇಕಾರರ ಮನೆ ಅಂದರೆ ಮುಂದೆ ಮಗ್ಗ, ಹಿಂದೆ ಒಲೆ. ನೀರು ಬಂದರೆ ದುಡಿಮೆ ಮತ್ತು ಊಟ ಎರಡಕ್ಕೂ ಒಂದೇ ಹೊತ್ತಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಮಗ್ಗದ ಮೋಟಾರು ಮುಳುಗಿತು, ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಕೆಸರಾಯಿತು. ಹಗಲೂ ರಾತ್ರಿ ಟಕಟಕ ಅನ್ನುತ್ತಿದ್ದ ಓಣಿ ಸುಮ್ಮನಾದಾಗ ಅಪ್ಪ ನಿದ್ದೆ ಬರಲಿಲ್ಲ ಅಂದರು.

ನಾನಾಗ ಪಿಯುಸಿ ಎರಡನೇ ವರ್ಷ, ಕಾಮರ್ಸ್. ಹತ್ತಿರದ ಶಾಲೆಯಲ್ಲಿ ಪರಿಹಾರ ಕೇಂದ್ರ ಮಾಡಿದ್ದರು. ಗೆಳತಿಯರ ಜೊತೆ ಸ್ವಯಂಸೇವೆಗೆ ಹೋದೆ. ಮೊದಲ ದಿನ ಅಡುಗೆಗೆ ಹಾಕಿದರು. ನನ್ನ ಉಪ್ಪಿಟ್ಟು ತಿಂದ ಒಬ್ಬ ಕಾಕಾ, “ತಂಗಿ, ನೀ ಬರಿಯಾಕ ಕುಂದ್ರು, ಅಕ್ಷರ ಚಲೋ ಅದಾವಂತ” ಅಂದರು. ಹೀಗೆ ಒಲೆಯಿಂದ ಬೆಂಚಿಗೆ ನನ್ನ ಬಡ್ತಿಯಾಯಿತು.

ಮೂರು ದಿನದಲ್ಲಿ ನಲವತ್ತಕ್ಕೂ ಹೆಚ್ಚು ಅರ್ಜಿ ಬರೆದೆ. ಒಬ್ಬ ಮಾವಶಿ ಬಂದು ಕೂತರು. ಅವರು ಮರಾಠಿಯಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ಹೊಲಿಗೆ ಮಶೀನು, ಕುಕ್ಕರು, ಎರಡು ಚೀಲ ಅಕ್ಕಿ, ಗಾದಿ. ಎಲ್ಲ ಹೇಳಿ ಮುಗಿಸಿ ಮೆಲ್ಲಗೆ ಕೇಳಿದರು: “ಫೋಟೋಚೆ ಕಿತಿ?” ಗೋಡೆಯ ಮೇಲಿದ್ದ ಗಂಡನ ಫೋಟೋ, ಇದ್ದದ್ದು ಅದೊಂದೇ. ಅದಕ್ಕೆಷ್ಟು ಕೊಡುತ್ತಾರೆ ಅಂತ. ನನಗೇನು ಗೊತ್ತು? ‘ಹಾಗೂ ಒಂದು ಭಾವಚಿತ್ರ’ ಅಂತ ಬರೆದೆ. ಮಾವಶಿ ಆ ಶಬ್ದವನ್ನು ಬೆರಳಿಟ್ಟು ತೋರಿಸಿಕೊಂಡು ಹೋದರು.

ವಾರದಲ್ಲಿ ಅರ್ಜಿಗಳು ಹಿಂದಕ್ಕೆ ಬಂದವು. ಅಷ್ಟನ್ನೂ ನಾನು ‘ಮಾನ್ಯ ಜಿಲ್ಲಾಧಿಕಾರಿಗಳು’ ಅಂತ ಬರೆದಿದ್ದೆ, ನನಗೆ ಗೊತ್ತಿದ್ದ ದೊಡ್ಡ ಹೆಸರು ಅದೇ. ಪರಿಹಾರದ್ದು ತಹಶೀಲ್ದಾರರಿಗೆ, ಗಟಾರದ್ದು ಪಾಲಿಕೆಗೆ, ವಿದ್ಯುತ್ತಿನದು ಹೆಸ್ಕಾಂಗೆ, ನಾಲಾದ್ದು ಮತ್ತೆಲ್ಲೋ. ನೀರು ಮಾತ್ರ ಇಲಾಖೆ ನೋಡಿ ಬಂದಿರಲಿಲ್ಲ. ರಾತ್ರಿ ಕೂತು ಮತ್ತೆ ಬರೆದೆವು. ಕೈ ಬೀಗಿತು, ಅದಕ್ಕಿಂತ ಮುಖ ಬೀಗಿತ್ತು.

ಆಗಲೇ ತಿಳಿದದ್ದು: ಸರಕಾರ ಕೊಟ್ಟ ತುರ್ತು ಪರಿಹಾರ ಮನೆಗೆ 10,000 ರೂಪಾಯಿ. ಅದರಲ್ಲಿ 3,800 ವಿಪತ್ತು ನಿಧಿಯ ನಿಯಮದಂತೆ, 6,200 ರಾಜ್ಯದ್ದು. 3,800 ಅಂದರೆ ಬಟ್ಟೆಗೆ 1,800, ಪಾತ್ರೆ-ಪಗಡಕ್ಕೆ 2,000. ಯಾರೋ ದಿಲ್ಲಿಯಲ್ಲಿ ಕೂತು ಒಂದು ಸಂಸಾರದ ಬಟ್ಟೆಯನ್ನೂ ಪಾತ್ರೆಯನ್ನೂ ಬೇರೆ ಬೇರೆ ಗಂಟು ಕಟ್ಟಿದ್ದಾರೆ. ಫೋಟೋಕ್ಕೆ ಕಾಲಮ್ಮಿಲ್ಲ. ನನಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಈ ಕಾಲಮ್ಮು ಹಾಕುವವರು ಯಾರು, ಅವರಿಗೆ ‘ಇವರಿಗೆ’ ಅಂತ ಬರೆಯಬೇಕಾದರೆ ಎಲ್ಲಿಗೆ?

ಮರುವರ್ಷ ಬಿ.ಕಾಂ. ಬಿಟ್ಟು ಬಿ.ಎ.ಗೆ ಹೆಸರು ಹಚ್ಚಿ ರಾಜ್ಯಶಾಸ್ತ್ರ ತೆಗೆದುಕೊಂಡೆ. ಅಪ್ಪ ಏನೂ ಅನ್ನಲಿಲ್ಲ. ಪಕ್ಕದ ಮನೆಯವರು ಅಂದರು: “ರಾಜಕೀಯ ಕಲಿಯಾಕ ಕಾಲೇಜ ಯಾಕ ಬೇಕವಾ? ಖಡೇ ಬಜಾರದಾಗ ಚಹಾದಂಗಡಿ ಮುಂದ ಒಂದ ತಾಸ ನಿಂದ್ರು, ಸಾಕು.” ಅರ್ಧ ನಿಜ. ಚಹಾದಂಗಡಿಯಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಗೊತ್ತಾಗುತ್ತದೆ, ಗೆದ್ದವರ ಮೇಜಿಗೆ ಯಾವ ಕಾಗದ ಹೋಗುತ್ತದೆ ಅನ್ನುವುದಲ್ಲ.

ಕಾಲೇಜಿನ ಎನ್.ಎಸ್.ಎಸ್. ಶಿಬಿರ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಊರವರಿಗೆ ಒಂದು ರೈಲು ನಿಲ್ಲಬೇಕಿತ್ತು. ಈಗ ನಾನು ಜಾಣಳಾಗಿದ್ದೆ: ರೈಲ್ವೆ ಅಂದರೆ ಕೇಂದ್ರ, ಕೇಂದ್ರ ಅಂದರೆ ಸಂಸದರು. ‘ಬೆಳಗಾವಿ ಲೋಕಸಭಾ ಕ್ಷೇತ್ರ’ ಅಂತ ದಪ್ಪಗೆ ಬರೆದೆ. ಒಬ್ಬ ಅಜ್ಜ ಕನ್ನಡಕ ಏರಿಸಿ ನೋಡಿ, “ಇವರು ನಮ್ಮವರಲ್ಲರೀ, ನಮ್ಮದು ಕಾರವಾರದ ಕಡೆ” ಅಂದರು. ಹೌದು. ಖಾನಾಪುರ ಬೆಳಗಾವಿ ಜಿಲ್ಲೆಯ ತಾಲೂಕು. ಲೋಕಸಭೆಗೆ ಮಾತ್ರ ಕಿತ್ತೂರಿನ ಜೊತೆ ಉತ್ತರ ಕನ್ನಡಕ್ಕೆ ಸೇರುತ್ತದೆ. ಉಪ್ಪಿಟ್ಟನ್ನೂ ಲೆಕ್ಕಕ್ಕೆ ಹಿಡಿದರೆ ಇದು ಮೂರನೇ ಸೋಲು. ಹಾಳೆ ಹರಿದು ಹೊಸದನ್ನು ಮಡಚಿದೆ.

ಈ ವಿಷಯದಲ್ಲಿ ನಮ್ಮ ಶಹಾಪುರವೇ ದೊಡ್ಡ ಪಠ್ಯಪುಸ್ತಕ. ಮನೆಯ ಟ್ರಂಕಿನಲ್ಲಿ ಮುತ್ತಜ್ಜ ಬರೆಸಿದ ಒಂದು ಮರಾಠಿ ಅರ್ಜಿಯ ನಕಲಿದೆ, ನೂಲು ಸಿಗುತ್ತಿಲ್ಲ ಎಂಬ ತಕರಾರು. ಬರೆದದ್ದು ಸಾಂಗಲಿ ಸರಕಾರಕ್ಕೆ. ಶಹಾಪುರ ಆಗ ಪಟವರ್ಧನರ ಸಾಂಗಲಿ ಸಂಸ್ಥಾನದ್ದು. ಅದಕ್ಕೆ ಹತ್ತಿಕೊಂಡೇ ಇದ್ದ ಬೆಳಗಾವಿ ಇಂಗ್ಲಿಷರದು. ನಾಲ್ಕು ಹೆಜ್ಜೆ ದಾಟಿದರೆ ‘ಇವರಿಗೆ’ ಬದಲಾಗುತ್ತಿತ್ತು! 1948ರಲ್ಲಿ ಸಂಸ್ಥಾನ ವಿಲೀನವಾಗಿ ಅದು ಮುಂಬಯಿ ಸರಕಾರವಾಯಿತು, 1956ರ ನವೆಂಬರ್ 1ಕ್ಕೆ ಮೈಸೂರು, 1973ಕ್ಕೆ ಕರ್ನಾಟಕ. ಮುತ್ತಜ್ಜನ ಮಗ್ಗ ಇದ್ದಲ್ಲಿಂದ ಒಂದು ಮೊಳ ಸರಿಯಲಿಲ್ಲ. ಹಾಳೆಯ ಮೇಲಿನ ಸಾಲು ಮಾತ್ರ ಮೂರು ಸಲ ಸರಿಯಿತು. ಆ ಸರಕಾರಗಳ ಕುರುಹು ಈಗಲೂ ಮಾತಲ್ಲಿ ಸಿಗುತ್ತದೆ. ಮೈಸೂರಿನ ಗೆಳತಿ ‘ಪಹಣಿ’ ಅಂದರೆ ನಾನು ‘ಉತಾರ’ ಅನ್ನುತ್ತೇನೆ, ಅವಳ ಶಾನುಭೋಗರು ನಮ್ಮಲ್ಲಿ ‘ತಲಾಠಿ’.

ಹೀಗೆ ಓದುತ್ತ ಒಂದು ಸಂಜೆ ಗ್ರಂಥಾಲಯದಲ್ಲಿ ಸಂವಿಧಾನದ 350ನೇ ವಿಧಿ ಕಣ್ಣಿಗೆ ಬಿತ್ತು. ಕುಂದುಕೊರತೆಯ ನಿವಾರಣೆಗಾಗಿ ಯಾರೇ ಆಗಲಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಮನವಿ ಕೊಡಬಹುದು ಎಂಬುದು ಅದರ ಸಾರ. ಎರಡು ಸಲ ಓದಿದೆ. ನನ್ನ ಚಟಕ್ಕೇ ಅಂತ ಸಂವಿಧಾನದಲ್ಲಿ ಒಂದು ಮೂಲೆ ಇದೆ! ಪಕ್ಕದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದವನಿಗೆ ತೋರಿಸಿದೆ. ಅವನು, “ಇದು ಪರೀಕ್ಷೆಗೆ ಬರೋದಿಲ್ಲ, 352 ಓದು” ಅಂದ. 352 ತುರ್ತು ಪರಿಸ್ಥಿತಿ. ಎಲ್ಲರಿಗೂ ಅದೇ ಬೇಕು.

ಕಳೆದ ತಿಂಗಳು ಅದೇ ಮಾವಶಿ ಬಂದರು. ಈ ಸಲ ಗಟಾರದ ಮುಚ್ಚಳ. ಅವರದೇ ಮಾತಿನಲ್ಲಿ, ಮರಾಠಿಯಲ್ಲೇ ಬರೆದೆ. ನನ್ನ ದೇವನಾಗರಿ ಅಕ್ಷರ ಕನ್ನಡದಷ್ಟು ದುಂಡಗಿಲ್ಲ, ಮೇಲಿನ ಗೆರೆ ಸ್ವಲ್ಪ ಬೆಟ್ಟ ಹತ್ತುತ್ತದೆ. ಕೆಳಗೆ ಕನ್ನಡದ ಪ್ರತಿಯೊಂದನ್ನು ಲಗತ್ತಿಸಿದೆ. ಹಕ್ಕು ಹಕ್ಕೇ, ಆದರೆ ಓದುವವರಿಗೂ ಕಣ್ಣಿವೆಯಲ್ಲ. ಮಾವಶಿ ಹಾಳೆಯನ್ನು ದೂರ ಹಿಡಿದು ಕೇಳಿದರು: “ವರ ಕುಣಾಚ ನಾವ?” ಮೇಲೆ ಯಾರ ಹೆಸರು? ಪಾಲಿಕೆಯ ಆಯುಕ್ತರದು ಅಂದೆ. ನಂಬಿದಂತೆ ಕಾಣಲಿಲ್ಲ, ಹಳೆಯ ಅನುಭವ. ಇಬ್ಬರೂ ಕೂಡಿಯೇ ಹೋದೆವು. ಟಪಾಲಿನ ಕಿಟಕಿಯಲ್ಲಿದ್ದವರು ವಿಷಯ ಓದಲಿಲ್ಲ, ‘ಏನೆಂದರೆ’ಯನ್ನಂತೂ ನೋಡಲೇ ಇಲ್ಲ. ಮೇಲಿನ ಎರಡು ಸಾಲಿನ ಮೇಲೆ ಕಣ್ಣಾಡಿಸಿ, ಶಾಯಿಯ ಪೆಟ್ಟಿಗೆ ಎಳೆದುಕೊಂಡು, ಸಿಕ್ಕೆ ಎತ್ತಿದರು.