ಬಿಚ್ಚಿ ತಂದ ಮನೆಗಳ ಊರಿನಲ್ಲಿ

ಬೊಬ್ರುವಾಡದ ನಮ್ಮ ಮನೆಯಿಂದ ಮಣಿಪಾಲಕ್ಕೆ ಹೆದ್ದಾರಿಯಲ್ಲಿ ಮೂರು ತಾಸಿನ ದಾರಿ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಯ ಹೆರಿಟೇಜ್ ವಿಲೇಜ್ ನೋಡಲು ಹೊರಟಿದ್ದೆ. ಹೊನ್ನಾವರದ ಶರಾವತಿ ಸೇತುವೆ ದಾಟುವಾಗ ಅವಳು ಕೇಳಿದಳು: "ಅಜ್ಜಾ, ಸರ್ರಿಯಲಿಸಂ ಅಂದ್ರೆ ಏನು?"

ಬಿ.ಕಾಂ. ಓದಿದವನಿಗೆ ಕೇಳುವ ಪ್ರಶ್ನೆಯೇ? ಆದರೂ ಹೇಳಿದೆ. ಕನಸಿನಲ್ಲಿ ನಮ್ಮ ಬಾವಿಯೊಳಗಿಂದ ರೈಲು ಬಂದರೂ ನಮಗೆ ಆಶ್ಚರ್ಯವಾಗುವುದಿಲ್ಲ. ಹಾಗೆ, ಕೂಡದ್ದನ್ನು ಕೂಡಿಸಿ ತೋರಿಸುವ ಕಲೆ ಅದು. 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತೋನ್ ಎಂಬ ಕವಿ ಅದರ ಪ್ರಣಾಳಿಕೆ ಬರೆದ. ಇಂಗ್ಲೆಂಡಿನ ಎಡ್ವರ್ಡ್ ಜೇಮ್ಸ್ ಎಂಬ ಸಿರಿವಂತ ಅಂಥ ವಸ್ತುಗಳನ್ನು ಮನೆಯಲ್ಲೇ ತುಂಬಿಕೊಂಡ. ಚಿತ್ರಕಾರ ಸಾಲ್ವದೋರ್ ಡಾಲಿ ಅವನಿಗಾಗಿ ಮಾಡಿದ ಫೋನಿನ ರಿಸೀವರ್ ಮೇಲೆ ದೊಡ್ಡದೊಂದು ಸಮುದ್ರ ಸಿಗಡಿ! ಸೋಫಾ ಅಂದರೆ ಕೆಂಪು ತುಟಿಗಳು. ಹೆಂಡತಿಯ ಒದ್ದೆ ಹೆಜ್ಜೆಗಳನ್ನು ಮೆಟ್ಟಿಲ ಹಾಸಿನಲ್ಲಿ ನೇಯಿಸಿದ್ದ.

"ಅಷ್ಟಮಿಗೆ ನಾವು ಕೃಷ್ಣನ ಹೆಜ್ಜೆ ಬಿಡಿಸ್ತೇವಲ್ಲ, ಹಾಂಗೆ" ಎಂದಳು. ನನಗಿಂತ ಚೆನ್ನಾಗಿ ತಿಳಿದುಕೊಂಡಳು.

ಹೆರಿಟೇಜ್ ವಿಲೇಜ್ ಕಟ್ಟಿದ ವಿಜಯನಾಥ ಶೆಣೈಯವರು ಜೇಮ್ಸ್‌ನಂಥ ಸಿರಿವಂತರಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರರು. (ನಾನೂ ಬ್ಯಾಂಕಿನವನೇ. ಕೂಡಿಟ್ಟದ್ದು ಹಳೆ ಕ್ಯಾಲೆಂಡರ್ ಮಾತ್ರ.) ಜನ ಹಳೆ ಮನೆ ಕೆಡವಿ ಕಂಬ, ಬಾಗಿಲು ಮಾರುತ್ತಿದ್ದ ಕಾಲದಲ್ಲಿ ಅವರು ಅವನ್ನೆಲ್ಲ ತಂದು ತಮ್ಮ ಮನೆ 'ಹಸ್ತಶಿಲ್ಪ'ವನ್ನು ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಇಲ್ಲಿ ಮರುಜೋಡಿಸಿದರು. ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್, ಕಾರ್ಕಳದ ಕಡೆಯ ಮಿಯಾರು ಮನೆ, ಎಲ್ಲ ಒಂದೇ ಊರಿನ ನೆರೆಹೊರೆಯವರು! ಜೇಮ್ಸ್‌ನ ಮನೆಗಿಂತ ಇದೇ ನನಗೆ ಹೆಚ್ಚು ಕನಸಿನಂತೆ ಕಂಡಿತು. ಇಲ್ಲಿ ಯಾವುದನ್ನೂ ವಿಚಿತ್ರ ಕಾಣಲೆಂದು ಮಾಡಿದ್ದಲ್ಲ. ಯಾರೋ ಉಂಡು ಮಲಗಿ ಎದ್ದ ಮನೆಗಳು. ಶೆಣೈಯವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ.

ಬೊಬ್ರುವಾಡದಲ್ಲೂ ಹಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಮಳೆಗಾಲ ಮುಗಿದ ಮೇಲೆ ನಮ್ಮದರ ಸರದಿ. ಮರದ ವ್ಯಾಪಾರಿ ಬಂದು ಜಗಲಿಯ ಹಲಸಿನ ಕಂಬಗಳಿಗೆ ಘನ ಅಡಿ ಲೆಕ್ಕದಲ್ಲಿ ದರ ಹೇಳಿ ಹೋದ. ಮೂರನೆಯ ಕಂಬದಲ್ಲಿ ನಾವು ಐದು ಮಕ್ಕಳ ಎತ್ತರವನ್ನು ಅಪ್ಪ ಮೊಳೆಯಿಂದ ಗೀರಿದ ಗುರುತುಗಳಿವೆ. ಐವರಲ್ಲಿ ಈಗ ಇಬ್ಬರಿದ್ದೇವೆ. ಅದಕ್ಕೆ ಯಾವ ದರ?

ಹೊಸ ಮನೆಯ ಜಗಲಿಗೆ ಅವೇ ಕಂಬಗಳೆಂದು ಮಗನನ್ನು ಒಪ್ಪಿಸಿದ್ದೇನೆ. ಮೊಮ್ಮಗಳು ಸೀಮೆಸುಣ್ಣದಿಂದ ಕಂಬ, ತೊಲೆ, ಬಾಗಿಲುಗಳಿಗೆ ನಂಬರ್ ಹಾಕುತ್ತಿದ್ದಾಳೆ. ನಾನು ಲೆಡ್ಜರಿನಂಥ ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. 14ರ ತನಕ ಆಗಿದೆ. ಅಡುಗೆಮನೆ ಕಡೆಯದು ಬಾಕಿ.